ಪಡಸಾಲೆಯ ಕೊಳಕ್ಕೆ ನಾನು ಹಾಕಿದ ಕೈ

ನಾನು ಸುಲಭಕ್ಕೆ ಬೆಚ್ಚಿಬೀಳುವ ಹೆಂಗಸಲ್ಲ. ಬ್ಯಾಡಗಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಸುಗ್ಗಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಊರಿಗೆ ಊರೇ ಕೆಮ್ಮುತ್ತಿರುವಾಗ ನಾನು ಕೆಮ್ಮದೆ ರೊಟ್ಟಿ ಬಡಿಯುತ್ತೇನೆ. ಒಮ್ಮೆ ಹಿತ್ತಲಿಗೆ ನಾಗರಹಾವು ಬಂದಾಗ ನಮ್ಮ ಮನೆಯವರು ಕಟ್ಟೆ ಹತ್ತಿ ನಿಂತಿದ್ದರು. ಬಡಿಗೆ ಹಿಡಿದು ಅದನ್ನು ಬೇಲಿ ದಾಟಿಸಿದವಳು ನಾನು. ಈ ಕತೆಯನ್ನು ಬಂದವರಿಗೆಲ್ಲ ಹೇಳುತ್ತೇನೆ. ಪ್ರತಿ ಸಲವೂ ನಮ್ಮ ಮನೆಯವರು ಪಕ್ಕದಿಂದ "ಅದು ಕೇರಿಹಾವು" ಎನ್ನುತ್ತಾರೆ.

ಅಂಥ ನಾನು ಕಳೆದ ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ ಕೈಯಲ್ಲಿ ಕಸಬರಿಗೆ ಹಿಡಿದು ನಮ್ಮ ಪಡಸಾಲೆಯಲ್ಲಿ ಕಲ್ಲಿನಂತೆ ನಿಂತುಬಿಟ್ಟೆ. ಮನೆಯೊಳಗೆ ನಾವೇ ಕಟ್ಟಿದ ಕೊಳದಲ್ಲಿ ಒಂಬತ್ತು ಮೀನುಗಳೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅದನ್ನು ಕಟ್ಟಿದ ನನ್ನ ಮಾವ ಪಕ್ಕದ ಕುರ್ಚಿಯಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದರು. ಯಾವಾಗಿಂದ ಹಾಗೆ ಕುಳಿತಿದ್ದರೋ ಗೊತ್ತಿಲ್ಲ. ನನ್ನ ಕಡೆ ಮುಖ ಎತ್ತಲಿಲ್ಲ.

ಆ ದಿನ ನನಗೆ ಬಿದ್ದ ಪೆಟ್ಟು ಅದೊಂದೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಕೊಳದ ಆಸೆ ನನ್ನದೇ. ಹಾವೇರಿಯಲ್ಲಿ ಹಲ್ಲು ತೋರಿಸಲು ಹೋಗಿದ್ದ ದವಾಖಾನೆಯಲ್ಲಿ, ಮಂದಿ ಕಾಯುವ ಜಾಗದ ಮೂಲೆಗೆ ಸಣ್ಣದೊಂದು ಕೊಳ ಕಟ್ಟಿಸಿದ್ದರು. ಮೊಣಕಾಲೆತ್ತರದ ಕಟ್ಟೆ, ಒಳಗೆ ಕೆಂಪು ಬಿಳಿ ಮೀನು, ಒಂದು ಕಲ್ಲಿನ ಮೇಲಿಂದ ಸಳಸಳ ಇಳಿಯುವ ನೀರು. ನನ್ನ ಪಾಳಿ ಬಂದು ಹೆಸರು ಕೂಗಿದರೂ ನನಗೆ ಕೇಳಿಸಲಿಲ್ಲ. ಹಲ್ಲು ಕೀಳಿಸಿಕೊಂಡು ಬಾಯಿತುಂಬ ಹತ್ತಿ ಇಟ್ಟುಕೊಂಡೇ ಮನೆಗೆ ಬಂದು, ಆ ಹತ್ತಿಯ ಸಂದಿಯಿಂದಲೇ ಗಂಡನಿಗೆ ಹೇಳಿದೆ: ನಮ್ಮ ಪಡಸಾಲೆಯಲ್ಲೂ ಅಂಥದ್ದು ಬೇಕು.

ನಮ್ಮದು ಹಳೆಯ ಮನೆ. ಪಡಸಾಲೆಯ ನಡುವೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇದೆ. ಅದರ ಕೆಳಗೆ ಹಿಂದೆ ಒರಳು ಇತ್ತಂತೆ. ನಾನು ಬರುವ ಹೊತ್ತಿಗೆ ಒರಳು ಹಿತ್ತಲಿಗೆ ಹೋಗಿ, ಆ ಜಾಗ ನಮ್ಮ ಮನೆಯವರ ಮೋಟಾರ್ ಸೈಕಲ್ಲಿನದಾಗಿತ್ತು. ಅವರು ಹಾವೇರಿ ಹತ್ತಿರದ ಹೈಸ್ಕೂಲಿನಲ್ಲಿ ಮಾಸ್ತರು. ದಿನಾ ಹೋಗಿ ಬರುವ ಆ ಗಾಡಿಗೆ ಮನೆಯಲ್ಲಿ ನನಗಿಂತ ಹೆಚ್ಚಿನ ಮರ್ಯಾದೆ.

"ಗಾಡಿ ಎಲ್ಲಿ ಹಚ್ಚಲಿ ಮತ್ತ? ಬೇಕಾದ್ರ ಒಂದು ಗಾಜಿನ ಪೆಟ್ಟಿಗಿ ತಂದ್ರಾತು" ಎಂದರು.

"ಪೆಟ್ಟಿಗಿ ಬ್ಯಾಡ. ಕೊಳಾನ ಬೇಕು. ಒಬ್ಬ ಚಲೋ ಗೌಂಡಿನ ಕರಸ್ರಿ" ಎಂದೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಾಕೆಂದರೆ ಮೂರು ಮಾರು ದೂರದಲ್ಲಿ ಕುರ್ಚಿಯಲ್ಲಿ ಕುಳಿತಿದ್ದ ನನ್ನ ಮಾವ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ಮೇಡ್ಲೇರಿಯಿಂದ ಬರಿಗೈಯಲ್ಲಿ ಬಂದು, ರಾಣೆಬೆನ್ನೂರಿನಲ್ಲೂ ಇಲ್ಲೂ ಎಷ್ಟೋ ಮನೆಗಳ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದವರು. ನೀರಿನ ತೊಟ್ಟಿ ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಅವರು ಕಟ್ಟಿದ ತೊಟ್ಟಿಗೆ ಸೋರಿಕೆಯೆಂಬುದಿಲ್ಲ ಎಂದು ಮಂದಿ ಹೇಳುತ್ತಿದ್ದರು, ಅವರು ಕೇಳಿಯೂ ಕೇಳದಂತೆ ತಂಬಾಕು ತಿಕ್ಕುತ್ತಿದ್ದರು. ಆಮೇಲೆ ಬಲಗೈಗೆ ನಡುಕ ಶುರುವಾಯಿತು. ಗುಳಿಗೆ ನುಂಗಿದರೂ ಪೂರ್ತಿ ನಿಲ್ಲಲಿಲ್ಲ. ಆ ನಡುಕದಲ್ಲೇ ದೇವರಗುಡ್ಡದ ನೆಂಟರ ಮನೆಗೆ ಒಂದು ತೊಟ್ಟಿ ಕಟ್ಟಿಕೊಟ್ಟರು. ಹದಿನೈದೇ ದಿನಕ್ಕೆ ಅದರ ಮೂಲೆಯಿಂದ ನೀರು ಜಿನುಗಿತು. ನೆಂಟರು ಒಂದು ಮಾತೂ ಅನ್ನಲಿಲ್ಲ. ಬೇರೆಯವರನ್ನು ಕರೆಸಿ ಒಡೆದು ಕಟ್ಟಿಸಿಕೊಂಡರು. ಅವರು ನಾಲ್ಕು ಮಾತು ಬೈದಿದ್ದರೆ ಮಾವನಿಗೆ ಹಗುರಾಗುತ್ತಿತ್ತು. ಅಂದಿನಿಂದ ಕೆಲಸಕ್ಕೆ ಯಾರೂ ಕರೆದಿಲ್ಲ. ಬೆಳಿಗ್ಗೆ ಗೌಂಡಿಗಳೆಲ್ಲ ಸೇರುವ ಬಸ್‌ ಸ್ಟ್ಯಾಂಡಿನ ಚಹಾದಂಗಡಿಗೆ ಅವರು ಹೋಗುವುದನ್ನೇ ಬಿಟ್ಟಿದ್ದರು.

"ಗೌಂಡಿ ಯಾಕವ್ವಾ? ನಾ ಕಟ್ತೇನಿ" ಎಂದರು ಕುರ್ಚಿಯಿಂದ.

ನಾವಿಬ್ಬರೂ ದಂಗಾಗಿ ಹೋದೆವು. ನಮ್ಮ ಮನೆಯವರು "ಅಪ್ಪಾ, ನಿನ್ನ ಕೈ..." ಎಂದು ಶುರು ಮಾಡಿ ಗಾಡಿಯ ಕಡೆ ನೋಡಿದರು.

"ಕೈ ನೋಡೂಣ ಅಂತನ ಕಟ್ತೇನಿ" ಎಂದರು ಮಾವ. ಆಮೇಲೆ ನನಗೊಬ್ಬಳಿಗೇ ಅದರ ಒಳಗುಟ್ಟು ಹೇಳಿದರು. ಮೇಡ್ಲೇರಿಯಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರಿದ್ದಾರೆ. ಹೊಲದಲ್ಲಿ ಬೋರಿನ ಪಕ್ಕ ದನ ನೀರು ಕುಡಿಯಲು ದೊಡ್ಡ ತೊಟ್ಟಿ ಕಟ್ಟಿಸಬೇಕೆಂದಿದ್ದಾರೆ. ಆ ಕೆಲಸ ಇವರಿಗೇ ಕೊಡುವ ಮನಸ್ಸು, ಆದರೆ ದೇವರಗುಡ್ಡದ ಸುದ್ದಿ ಅವರ ಕಿವಿಗೂ ಬಿದ್ದಿದೆ. "ಒಂದು ಸಣ್ಣದು ಕಟ್ಟಿ ತೋರಸು. ನೀರು ನಿಂತ್ರ ನೀನ ಬಾ" ಎಂದಿದ್ದರಂತೆ. ಆ ಸಣ್ಣದನ್ನು ಎಲ್ಲಿ ಕಟ್ಟಿ ತೋರಿಸುವುದೆಂದು ಮಾವ ತಿಂಗಳಿಂದ ಒಳಗೊಳಗೇ ಕುದಿಯುತ್ತಿದ್ದರು. ನನಗೆ ಬೇಕಿದ್ದದ್ದು ಚಂದದ ಕೊಳ. ಅವರಿಗೆ ಬೇಕಿದ್ದದ್ದು ಅವರ ಹೆಸರು.

ಮರುದಿನವೇ ಗಾಡಿ ಹೊರಗೆ ಹೋಯಿತು. ನಾನು ಕೂಲಿಯಾಳಾದೆ.

ಆ ಹದಿನೈದು ದಿನ ನಾನು ಕಂಡ ಮಾವ, ಇಪ್ಪತ್ತೆರಡು ವರ್ಷ ನಾನು ಕಂಡ ಮಾವನಲ್ಲ. ನನಗೆ ಎಂದೂ ಒಂದು ಗಡುಸು ಮಾತು ಆಡಿದವರಲ್ಲ. "ಯವ್ವಾ" ಅನ್ನದೆ ನೀರು ಸಹ ಕೇಳಿದವರಲ್ಲ. ಅಂಥವರು ಉಸುಕು ಸರಿಯಾಗಿ ಸೋಸಲಿಲ್ಲವೆಂದು "ಏ, ಕಣ್ಣು ಎಲ್ಲಿಟ್ಟೀ? ಇದೇನ್ ಕಡ್ಲಿ ಹಿಟ್ಟೇನ?" ಎಂದು ಗದರಿದಾಗ ನನ್ನ ಕೈಯಲ್ಲಿದ್ದ ಜರಡಿ ಹಾಗೇ ನಿಂತಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಿಜವಾದ ಕೂಲಿಯವರಿಗೆ ಬೈದಂತೆ ಬೈದರಲ್ಲ ಎಂದು ಒಳಗೆ ಖುಷಿಯೇ ಆಯಿತು. ಇಟ್ಟಂಗಿಗಳನ್ನು ನೀರಲ್ಲಿ ನೆನೆಸಿ ಒಂದೊಂದೇ ಎತ್ತಿ ಕೊಟ್ಟೆ. ಅವರು ಬಲಗೈಗೆ ಹಳೆಯ ಧೋತರದ ಪಟ್ಟಿ ಸುತ್ತಿ, ಗಿಲಾವು ಎಳೆಯುವ ಕರಣೆಯನ್ನು ಅಂಗೈಗೆ ಬಿಗಿದುಕೊಂಡು, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಕೆಲಸ ಮಾಡಿದರು. ಒಂದು ಮೂಲೆ ತೀಡಲು ಬೇರೆಯವರಿಗೆ ಕಾಲು ಗಂಟೆಯಾದರೆ ಇವರಿಗೆ ಒಂದು ಹೊತ್ತು. ನಡುನಡುವೆ ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದರು, ಬೆವರು ಒರೆಸಲು ಹೋದರೆ ಬ್ಯಾಡ ಎನ್ನುತ್ತಿದ್ದರು. ನಾಲ್ಕು ಮೂಲೆಗಳನ್ನೂ ಗುಂಡಗೆ ತಿರುಗಿಸಿದರು. ಮೂಲೆ ಚೂಪಾಗಿದ್ದರೆ ಅಲ್ಲೇ ಬಿರುಕು ಹುಟ್ಟುತ್ತದಂತೆ. ದೇವರಗುಡ್ಡದಲ್ಲಿ ಆದದ್ದೂ ಅದೇ ಎಂದು ಅವರೇ ಹೇಳಿದರು, ನಾನು ಕೇಳಿರಲಿಲ್ಲ.

ಸಿಮೆಂಟಿನ ಹೊಸ ಕೊಳಕ್ಕೆ ಮೀನು ಹಾಗೇ ಬಿಟ್ಟರೆ ಸಾಯುತ್ತವೆ. ಅದರ ಸುಣ್ಣ ನೀರಿಗಿಳಿಯುತ್ತದೆ. ಇದನ್ನು ರಾಣೆಬೆನ್ನೂರಿನ ಮೀನಿನ ಅಂಗಡಿಯವನು ಹೇಳಿದ್ದ, ಮಾವನಿಗೆ ಮೊದಲೇ ಗೊತ್ತಿತ್ತು. ಬಾಳೆಯ ದಿಂಡು ಕಡಿದು ತಂದು ನೀರಲ್ಲಿ ಮುಳುಗಿಸಿಟ್ಟೆವು. ಐದು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸ ನೀರು, ಹೊಸ ದಿಂಡು. ಆಮೇಲೆ ಹುಣಸೆಹಣ್ಣಿನಿಂದ ಒಳಮೈಯನ್ನೆಲ್ಲ ತಿಕ್ಕಿದೆವು. ಪ್ರತಿ ಸಲ ನೀರು ಬದಲಿಸುವಾಗ ಮಾವ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚುತ್ತಿದ್ದರು. "ಇನ್ನಾ ಚುರು ಅಂತೈತಿ" ಎನ್ನುತ್ತಿದ್ದರು. ಒಂದು ದಿನ ಕಣ್ಣು ಬಿಟ್ಟು, "ಸಿಹಿ ಆತು ನೋಡು" ಎಂದರು. ನಾನೂ ಒಂದು ಹನಿ ರುಚಿ ನೋಡಿದೆ. ನನಗೇನೂ ತಿಳಿಯಲಿಲ್ಲ, ಆದರೂ ಹೌದೆಂದೆ.

ನೀರು ನಿಂತಿತು. ಮಾವ ನೀರಿನ ಮಟ್ಟಕ್ಕೆ ಸೀಸದಕಡ್ಡಿಯಲ್ಲಿ ಗೆರೆ ಎಳೆದಿದ್ದರು. ದಿನಕ್ಕೆ ಮೂರು ಸಲ ಬಗ್ಗಿ ನೋಡುತ್ತಿದ್ದರು. ಗೆರೆ ಅಲ್ಲೇ, ನೀರೂ ಅಲ್ಲೇ. ಹೊಸ ನೀರಿಗೆ ಗಂಗವ್ವನ ಪೂಜೆ ಮಾಡಿ, ಐದು ಜನ ಮುತ್ತೈದೆಯರಿಗೆ ಉಡಿ ತುಂಬಿದೆ. ಅವರಲ್ಲಿ ಒಬ್ಬಳು ನೀರಿಗೆ ಅರಿಶಿನ ಹಾಕಲು ಕೈ ಎತ್ತಿದಳು. ಮಾವ ಕುರ್ಚಿಯಿಂದ ಹಾರಿಬಿದ್ದು, "ಕಟ್ಟಿಗೆ ಹಚ್ಚವ್ವಾ, ನೀರಿಗಲ್ಲ" ಎಂದು ತಡೆದರು. ಪಕ್ಕದ ಮನೆಯಾಕೆ ನನ್ನನ್ನು ಅಡುಗೆಮನೆಗೆ ಕರೆದು, ಮೆತ್ತಗೆ, "ಖರೇ ಹೇಳ್ರಿ, ಮೀನು ತಿನ್ನಾಕ ಹತ್ತೀರೇನು?" ಎಂದು ಕೇಳಿದಳು. ಉಳ್ಳಾಗಡ್ಡಿಯನ್ನೂ ಲೆಕ್ಕ ಹಾಕಿ ತಿನ್ನುವ ಮನೆ ನಮ್ಮದು. "ಹೌದ್ರಿ, ಇದು ಬರೇ ಮೊದಲನೇ ಕಂತು" ಎಂದೆ. ಅವಳು ಎರಡು ದಿನ ನಮ್ಮ ಮನೆಯ ನೀರು ಕುಡಿಯಲಿಲ್ಲ.

ರಾಣೆಬೆನ್ನೂರಿನಿಂದ ಒಂಬತ್ತು ಮೀನುಗಳನ್ನು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಅವನ್ನು ನೀರಿಗೆ ಬಿಟ್ಟ ಗುರುವಾರ ಮಾವ ಮಧ್ಯಾಹ್ನದ ಊಟ ಮರೆತರು. ಶುಕ್ರವಾರ ಬೆಳಿಗ್ಗೆ ಎಷ್ಟೋ ದಿನದ ಮೇಲೆ ಕ್ಷೌರ ಮಾಡಿಸಿಕೊಂಡು ಬಂದರು. ಬಸ್‌ ಸ್ಟ್ಯಾಂಡಿನ ಚಹಾದಂಗಡಿಗೂ ಹೋಗಿ ಬಂದರೆಂದು ಆಮೇಲೆ ತಿಳಿಯಿತು. ಶನಿವಾರ ಮೇಡ್ಲೇರಿಗೆ ಫೋನ್ ಹಚ್ಚಿ, "ಸೋಮವಾರ ಬಾರಲೇ, ನೀರು ನಿಂತೈತಿ, ಮೀನು ಈಸಾಕತ್ತಾವು" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದರು.

ಅದೇ ಶನಿವಾರ ನಮ್ಮ ಮನೆಯವರು ಕೊಳದ ಹತ್ತಿರ ಕುಳಿತು ನೀರಿಗೆ ಬೆರಳು ಅದ್ದಿ ಮೀನುಗಳನ್ನು ಆಡಿಸುತ್ತಿದ್ದರು. ನಾನು ಅಡುಗೆಮನೆಯಿಂದಲೇ ಹರಿಹಾಯ್ದೆ. ಚಾಕ್ ಹಿಡಿದ ಬೆರಳು, ಗಾಡಿ ಒರೆಸಿದ ಬೆರಳು, ಅದನ್ನು ತಂದು ನೀರಿಗೆ ಅದ್ದುವುದೇ? ಮಾಸ್ತರಿಗೆ ಇಷ್ಟು ಗೊತ್ತಾಗುವುದಿಲ್ಲವೇ? ಅಷ್ಟಕ್ಕೇ ಬಿಡದೆ ಅವರದೇ ಚೀಲದಿಂದ ಚಾಕ್ ತೆಗೆದು, ಕೊಳದ ಹಿಂದಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಯಾರೂ ನೀರಿಗೆ ಕೈ ಹಾಕಬಾರದು. ಅವರು ಬರಹ ಓದಿ, ತಿದ್ದಲು ತಪ್ಪೇನೂ ಸಿಗದೆ ಎದ್ದು ಹೋದರು. ಮಾವ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಭಾನುವಾರ ಖಾರದಪುಡಿಯ ದಿನ.

ಬ್ಯಾಡಗಿಯಲ್ಲಿ ಮನೆ ಇದೆಯೆಂದರೆ ಬೇಸಿಗೆಯಲ್ಲಿ ನೆಂಟರಿಗೆಲ್ಲ ನಾವು ನೆನಪಾಗುತ್ತೇವೆ. ರಾಣೆಬೆನ್ನೂರಿನ ನಾದಿನಿಗೆ, ಗಳಗನಾಥದ ನನ್ನ ತವರಿಗೆ, ಹಾವೇರಿಯ ಹೆಡ್‌ಮಾಸ್ತರ ಮನೆಗೆ, ಎಲ್ಲರಿಗೂ ವರ್ಷದ ಖಾರ ಇಲ್ಲಿಂದಲೇ. ನಮ್ಮೂರ ಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ. ಖಾರಕ್ಕೆಂದು ಗುಂಟೂರಿನ ಕಾಯಿ ಬೆರೆಸುತ್ತೇವೆ. ಅವತ್ತು ಬೆಳಗಿನಿಂದ ಹಿತ್ತಲ ಛಪ್ಪರದಲ್ಲಿ ಕುಳಿತು ಕಾಯಿಯ ತೊಟ್ಟು ಮುರಿದೆ. ಆಮೇಲೆ ಬಣ್ಣ ಏರಲೆಂದೂ ಧೂಳು ಏಳದಿರಲೆಂದೂ ಕುಸುಬಿ ಎಣ್ಣೆ ಸುರಿದು ಎರಡೂ ಕೈಯಿಂದ ಮೊಣಕೈವರೆಗೆ ಕಲಸಿದೆ. ಕಾಯಿಯನ್ನು ಗಿರಣಿಗೆ ಕಳಿಸುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ನನ್ನ ಕೈಗಳು ಕೆಂಡವಾಗಿದ್ದವು.

ಈ ಉರಿಯನ್ನು ಕಾಣದವರಿಗೆ ಹೇಳಿ ತಿಳಿಸುವುದು ಕಷ್ಟ. ಸಬಕಾರ ಹಚ್ಚಿದರೆ ಹೋಗುವುದಿಲ್ಲ, ಮಜ್ಜಿಗೆ ಹಚ್ಚಿದರೆ ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಏಳುತ್ತದೆ. ನಳದ ಕೆಳಗೆ ಹಿಡಿದೆ. ಮಾಳಿಗೆಯ ಮೇಲಿನ ಟಾಕಿಯಿಂದ ಕಾದ ನೀರು ಬಂದು ಸುರಿಯಿತು. ಕಣ್ಣಲ್ಲಿ ನೀರು ಬಂತು. ಮನೆಯೊಳಗೆ ಬಂದೆ. ಪಡಸಾಲೆ ತಂಪಾಗಿತ್ತು. ಮಾವ ಕುರ್ಚಿಯಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ಬೆಳಕಿಂಡಿಯ ಕೆಳಗೆ ಆ ತಿಳಿನೀರು.

ನಾನು ಏನೂ ಯೋಚಿಸಲಿಲ್ಲ. ಇದನ್ನು ನೆಪಕ್ಕೆ ಹೇಳುತ್ತಿಲ್ಲ, ಆದದ್ದೇ ಹಾಗೆ. ಕಟ್ಟೆಯ ಮೇಲೆ ಕುಳಿತೆ, ಎರಡೂ ಕೈಗಳನ್ನು ಮೊಣಕೈವರೆಗೆ ನೀರಿಗಿಳಿಸಿದೆ. ಜೀವ ಬಂದಂತಾಯಿತು. ಕಣ್ಣು ಮುಚ್ಚಿಕೊಂಡೆ. ಎಷ್ಟು ಹೊತ್ತು ಹಾಗೆ ಕುಳಿತೆನೋ, ಮೀನುಗಳು ಬಂದು ಬೆರಳುಗಳಿಗೆ ಮೆಲ್ಲಗೆ ಬಾಯಿ ಹಚ್ಚಿದವು. ನನಗೆ ನಗು ಬಂತು. ಎದುರಿಗೆ ಗೋಡೆಯ ಮೇಲೆ ನನ್ನದೇ ದಪ್ಪ ಅಕ್ಷರಗಳಿದ್ದವು. ಕಣ್ಣು ತೆರೆದಾಗ ಅವೂ ಕಂಡವು, ಬರಹ ಗಂಡನಿಗಾಗಿ ಬರೆದದ್ದಲ್ಲವೇ ಎಂಬಂತೆ ನಾನು ಎದ್ದು ಸೆರಗಿಗೆ ಕೈ ಒರೆಸಿಕೊಂಡು ಚಹಾಕ್ಕೆ ನೀರಿಟ್ಟೆ.

ಸೋಮವಾರ ಬೆಳಿಗ್ಗೆ ಕಂಡದ್ದನ್ನು ಆಗಲೇ ಹೇಳಿದೆ.

ಕಸಬರಿಗೆ ಹಿಡಿದು ನಿಂತ ನನಗೆ ಮೊದಲು ಕಂಡದ್ದು ಮೀನು. ಆಮೇಲೆ ಬೆಳಕಿಂಡಿಯ ಬಿಸಿಲು ನೀರಿನ ಮೇಲೆ ಬಿತ್ತು, ನೀರಿನ ಮೇಲೆ ಹರಡಿದ ಎಣ್ಣೆ ಬಣ್ಣಬಣ್ಣವಾಗಿ ಹೊಳೆಯಿತು. ಕಟ್ಟೆಯ ಒಳಮೈಯಲ್ಲಿ, ಮಾವ ಸೀಸದಕಡ್ಡಿಯಿಂದ ಎಳೆದ ಗೆರೆಯ ಉದ್ದಕ್ಕೂ, ತೆಳುವಾದ ಒಂದು ಕೆಂಪು ಗೆರೆ ಕೂತಿತ್ತು. ಯಾವ ಬಣ್ಣಕ್ಕೆ ನಮ್ಮೂರ ಕಾಯಿ ಹೆಸರುವಾಸಿಯೋ ಅದೇ ಬಣ್ಣ. ಕೊಂದವಳು ನಾನು. ಏನು ಮಾಡಬೇಕೆಂದು ತೋಚದೆ ಕಸ ಗುಡಿಸಿ ಹೊರಗೆ ಚೆಲ್ಲಿ ಬಂದೆ.

ನಮ್ಮ ಮನೆಯವರು ಹಲ್ಲುಜ್ಜುತ್ತ ಬಂದು ನೋಡಿದರು. ಅವರಿಗೂ ದುಃಖವಾಯಿತು, ಅವರದು ಕೆಟ್ಟ ಮನಸ್ಸಲ್ಲ. ಆದರೆ ಮಾಸ್ತರರ ನಾಲಿಗೆ. "ಸಿಮೆಂಟು ಸುಣ್ಣ ಬಿಟ್ಟೈತಿ ಅಪ್ಪಾ. ನಾ ಮೊದಲ ಅಂದಿದ್ನಿ, ಪೆಟ್ಟಿಗಿ ತರೂಣ ಅಂತ. ಇರ್ಲಿ ಬಿಡು, ನಿನ್ನ ಕೈ ಸರಿ ಇಲ್ಲ, ಅದಕ್ಕ ನೀ ಏನ್ ಮಾಡ್ತಿ" ಎಂದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೊರಗೆ ಗಾಡಿಯ ಸದ್ದಾಗಿ, ಮೇಡ್ಲೇರಿಯ ಗೆಳೆಯರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು.

"ಬರ್ರಿ, ಕುಂದ್ರಿ" ಎಂದೆ. ಅವರು ಹಣ್ಣು ನನ್ನ ಕೈಗಿತ್ತು ನಗುತ್ತ ಕೊಳದ ಹತ್ತಿರ ಹೋದರು. ನಗು ಹಾಗೇ ಆರಿತು.

"ಇದೇನ್ ಲೇ?"

ಮಾವ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಒಮ್ಮೆ ನನ್ನ ಕಡೆ ನೋಡಿದರು. ನಾನು ಬಾಳೆಗೊನೆ ಹಿಡಿದು ನಿಂತಿದ್ದೆ. ಅವರು ನೋಡಿದ್ದು ತುಸು ಹೊತ್ತೇ. ಆಮೇಲೆ ಗೆಳೆಯನ ಕಡೆ ತಿರುಗಿ, "ನನ್ನ ಕೈ ಹೋತಪಾ. ಗೌಂಡಿಕಿ ಮುಗೀತು. ನೀ ಬ್ಯಾರೆಯವ್ರನ್ನ ನೋಡು" ಎಂದರು.

ಹೇಳಬೇಕಿತ್ತು. ಅಲ್ಲೇ, ಆಗಲೇ. "ನಾ ಕೈ ಹಾಕೀನ್ರಿ" ಅನ್ನಲು ಎಷ್ಟು ಹೊತ್ತು ಬೇಕು? ಓಣಿಯಲ್ಲಿ ಯಾರ ಜತೆಯೂ ಮಾತಿಗೆ ಹಿಂದೆಗೆಯದವಳು, ನಾಗರಹಾವು ಓಡಿಸಿದವಳು. ಗೋಡೆಯ ಮೇಲೆ ನನ್ನ ಬರಹವಿತ್ತು. ಅದರ ಕೆಳಗೆ ನಿಂತು ನಾನೇ ಎಂದು ಹೇಳಿದರೆ ಗಂಡನ ಮುಖದಲ್ಲಿ ಮೂಡಬಹುದಾದ ನಗು ನನಗೆ ಕಂಡಿತು. ಒಂದು ನಗು, ಅಷ್ಟೇ. ಅದಕ್ಕೆ ಅಂಜಿ ನಾನು ಒಳಗೆ ಹೋಗಿ ಚಹಾ ಮಾಡಿದೆ. ಶುಂಠಿ ಜಜ್ಜಿದೆ. ಮೂರು ಕಪ್ಪು ಬಸಿದು ತಂದು ಕೊಟ್ಟೆ. ಮಾವನ ಕಪ್ಪು ತಟ್ಟೆಯ ಮೇಲೆ ಕಟಕಟ ನಡುಗಿತು. ಇಂದಿಗೂ ನನ್ನನ್ನು ಬೆಚ್ಚಿಬೀಳಿಸುವುದು ಸತ್ತ ಮೀನಲ್ಲ, ಆ ಚಹಾ. ನಾನು ಇಂಥವಳೆಂದು ನನಗೆ ಗೊತ್ತಿರಲಿಲ್ಲ.

ಗೆಳೆಯರು ಹೋದರು. ನಮ್ಮ ಮನೆಯವರು ಶಾಲೆಗೆ ಹೋದರು. ಮಾವ ಹಿತ್ತಲಿಗೆ ಹೋದ ಗಳಿಗೆ ನೋಡಿ ನಾನು ಆ ಕೆಂಪು ಗೆರೆ ಒರೆಸಲು ಅರಿವೆ ಹಿಡಿದು ಬಗ್ಗಿದೆ. ಗೆರೆ ಇರಲಿಲ್ಲ. ಸುತ್ತಲೂ ನೋಡಿದೆ. ಎಲ್ಲಿಯೂ ಇಲ್ಲ. ಹೆದರಿಕೆಯಲ್ಲಿ ಕಣ್ಣಿಗೆ ಕಂಡದ್ದೇನೋ ಎಂದುಕೊಂಡೆ, ಹಾಗೆ ಅಂದುಕೊಳ್ಳುವುದು ಅನುಕೂಲವೂ ಆಗಿತ್ತು.

ಮಾವ ತಾವೇ ನೀರು ಬಸಿದರು. ಮೀನುಗಳನ್ನು ಹಿತ್ತಲಲ್ಲಿ ನಿಂಬೆಗಿಡದ ಬುಡಕ್ಕೆ ಹೂಳಿದರು. ಮರುದಿನ ಕರಣೆ, ರಸಮಟ್ಟ, ತೂಗುಗುಂಡು ಎಲ್ಲವನ್ನೂ ಚೀಲಕ್ಕೆ ತುಂಬಿ, ಹಿಂದೆ ತಮ್ಮ ಕೈಕೆಳಗೆ ಕೆಲಸ ಕಲಿತಿದ್ದ ಒಬ್ಬ ಗೌಂಡಿಗೆ ಕೊಟ್ಟು ಬಂದರು. ಖಾಲಿ ಕೊಳದ ಪಕ್ಕ ಅದೇ ಕುರ್ಚಿ. ಮತ್ತೆ ಗಡ್ಡ ಬೆಳೆಯತೊಡಗಿತು. ನನ್ನನ್ನು ಮಾತ್ರ ಎಂದಿನಂತೆ "ಯವ್ವಾ" ಎಂದೇ ಕರೆಯುತ್ತಿದ್ದರು. ಪ್ರತಿ ಸಲವೂ ನನಗೆ ಚುಚ್ಚಿದಂತಾಗುತ್ತಿತ್ತು.

ಹೀಗೆ ಹತ್ತು ಹನ್ನೆರಡು ದಿನ ತಳ್ಳಿದೆ. ನಾಳೆ ಹೇಳೋಣ ಎಂದುಕೊಳ್ಳುವುದು ರೂಢಿಯಾಗಿಬಿಟ್ಟಿತು. ಒಂದು ದಿನ ಬಟ್ಟೆ ಒಗೆಯಲು ಕುರ್ಚಿಯ ಹಿಂದೆ ಸಿಕ್ಕಿಬಿದ್ದಿದ್ದ ಅವರ ಹಳೆಯ ಟವೆಲ್ ಎಳೆದೆ. ಕಲ್ಲಿನ ಮೇಲೆ ಹರಡಿದಾಗ ಅದರ ಒಂದು ಮೂಲೆ ಎಣ್ಣೆ ಹಿಡಿದು ಗಟ್ಟಿಯಾಗಿತ್ತು. ಕೆಂಪು. ಮೂಸಿ ನೋಡುವ ಅಗತ್ಯವಿರಲಿಲ್ಲ, ಆದರೂ ಮೂಸಿದೆ. ಕುಸುಬಿ ಎಣ್ಣೆ, ಮೆಣಸಿನಕಾಯಿ.

ಒಗೆಯುವ ಕಲ್ಲಿನ ಮೇಲೆ ಕುಕ್ಕರಿಸಿಬಿಟ್ಟೆ. ಗೆರೆ ಇತ್ತು. ಗೆಳೆಯರು ಬರುವ ಮೊದಲು, ನಾನು ಕಸ ಗುಡಿಸಿ ಚೆಲ್ಲಲು ಹೋದ ಹೊತ್ತಿನಲ್ಲಿ, ಅವರು ಅದನ್ನು ಒರೆಸಿದ್ದರು. ಅಂದರೆ ಅವರಿಗೆ ಗೊತ್ತಿತ್ತು. ತಮ್ಮ ಸಿಮೆಂಟು ಸರಿಯಿದೆ, ತಮ್ಮ ಕೈ ಸೋತಿಲ್ಲ ಎಂದು ಗೊತ್ತಿದ್ದೂ, ಆ ಮನುಷ್ಯ ನಿಂತು ನನ್ನ ಕೈ ಹೋತು ಎಂದಿದ್ದರು.

ಒದ್ದೆ ಸೀರೆ ಬದಲಿಸಿ ಬಸ್ ಹತ್ತಿದೆ. ಎಲ್ಲಿಗೆಂದು ಮಾವ ಕೇಳಿದರೆ ರಾಣೆಬೆನ್ನೂರಿಗೆ ಎಂದಷ್ಟೇ ಹೇಳಿದೆ. ಮೀನಿನ ಅಂಗಡಿಯವನಿಗೆ ಎಲ್ಲ ಬಿಚ್ಚಿ ಹೇಳಿದೆ. ಗುರುತಿಲ್ಲದವನಿಗೆ ಹೇಳುವುದು ಎಷ್ಟು ಸುಲಭ! ಅವನು ತಲೆ ಅಲ್ಲಾಡಿಸಿದ. "ಸಿಮೆಂಟಿಂದ ಸಾಯೂ ಹಂಗಿದ್ರ ಮೊದಲನೇ ದಿನಾನ ಸಾಯ್ತಿದ್ವು ಅಕ್ಕಾರ. ನಾಕು ದಿನಾ ಆಡ್ಯಾವಂದ್ರ ಕೊಳ ಚಲೋನ ಐತಿ. ಎಣ್ಣಿ ಕೂತ್ರ ಅವಕ್ಕ ಉಸಿರ ಸಿಗೂದಿಲ್ಲ, ಮ್ಯಾಲೆ ಖಾರ ಬ್ಯಾರೆ" ಎಂದ. ಮತ್ತೆ ಒಂಬತ್ತು ಮೀನು ಕಟ್ಟಿಸಿಕೊಂಡೆ. ಬ್ಯಾಡಗಿಯ ಬಸ್ ನಿಂತಿತ್ತು. ನಾನು ಮೇಡ್ಲೇರಿಯ ಬಸ್ ಹತ್ತಿದೆ.

ಗೆಳೆಯರ ಹೊಲದಲ್ಲಿ ಬೋರಿನ ಪಕ್ಕ ತೊಟ್ಟಿ ಎದ್ದು ನಿಂತಿತ್ತು. ಹಸಿ ಗಿಲಾವು ಒಣಗದಿರಲೆಂದು ಮೈತುಂಬ ಒದ್ದೆ ಗೋಣಿಚೀಲ ಹೊದಿಸಿದ್ದರು. ಮೂಲೆಗಳು ಚೂಪಾಗಿದ್ದವು. ನಾನು ಮೀನಿನ ಚೀಲ ಎದೆಗವಚಿಕೊಂಡು ಅದರ ಮುಂದೆ ನಿಂತೆ, ತಡವಾಯಿತು ಎಂಬುದು ತಲೆಗೆ ಇಳಿಯಲು ಹೊತ್ತು ಹಿಡಿಯಿತು. ನಾನು ಹೇಳಿದ್ದನ್ನೆಲ್ಲ ಆ ಹಿರಿಯರು ಕೇಳಿದರು. ಅವರ ಮುಖವೂ ಸಪ್ಪಗಾಯಿತು.

"ಅವಾ ತಾನ ಅಂದ್ನಲ್ಲವ್ವಾ, ಕೈ ಹೋಗೇತಿ ಅಂತ. ಗೌಂಡಿನ ಹಂಗಂದಮ್ಯಾಲೆ ನಾ ಏನ್ ಮಾಡ್ಲಿ? ಒಂದು ಮಾತು ಅವತ್ತ ಹೇಳಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ಊರಿಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಪಡಸಾಲೆಗೆ ಕಾಲಿಟ್ಟವಳು ಹಾಗೇ ನಿಂತೆ. ಕೊಳದಲ್ಲಿ ನೀರಿತ್ತು. ಸೀಸದಕಡ್ಡಿಯ ಗೆರೆಗೆ ಸರಿಯಾಗಿ ತುಂಬಿಸಿ, ಮಾವ ಕುರ್ಚಿಯಲ್ಲಿ ಕುಳಿತಿದ್ದರು. ಒಗೆಯುವ ಕಲ್ಲಿನ ಮೇಲೆ ಹರಡಿದ್ದ ಟವೆಲ್ಲನ್ನು ನಾನು ಹಾಗೇ ಬಿಟ್ಟು ಹೋಗಿದ್ದೆ. ಅವರು ಅದನ್ನು ನೋಡಿದ್ದರು.

"ಮಾವಾರ" ಎಂದೆ. "ಮೀನು ಸತ್ತಿದ್ದು ನನ್ನಿಂದ್ರಿ. ಖಾರದ ಕೈ ನೀರಾಗಿಟ್ಟೆ. ಮೇಡ್ಲೇರಿಗೆ ಹೋಗಿ ಹೇಳಿ ಬಂದೇನಿ. ತೊಟ್ಟಿ ಬ್ಯಾರೆಯವ್ರು ಕಟ್ಯಾರ."

"ಗೊತ್ತೈತಿ. ಅವಾ ಫೋನ್ ಮಾಡಿದ್ದ."

"ಕೈ ಹಾಕಿದ್ದು ನಿಮಗ ಅವತ್ತ ಗೊತ್ತಿತ್ತಲ್ರಿ?"

"ಟವೆಲ್ ಸಂದ್ಯಾಗ ನೋಡೇನಿ. ಬ್ಯಾಡ ಅನ್ಬೇಕಂದೆ. ನಿನ್ನ ಕೈ ಭಾಳ ಉರೀತಿದ್ವು, ಅಳಾಕತ್ತಿದ್ದಿ. ಒಂದೀಟು ತಂಪಾಗ್ಲಿ ಅಂತ ಬಿಟ್ಟೆ. ಮೀನು ಸಾಯ್ತಾವಂತ ನನಗೂ ಎಲ್ಲಿ ಗೊತ್ತಿತ್ತು?"

"ಮತ್ತ ನಿಮ್ಮ ದೋಸ್ತರ ಮುಂದ ಯಾಕ ಹೇಳ್ಲಿಲ್ರೀ?"

ಮಾವ ನೀರಿನ ಕಡೆ ನೋಡಿದರು. ಅವರ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ಅಲುಗುತ್ತಿತ್ತು.

"ನಿನ್ನ ಹೆಸರು ನಾ ಹ್ಯಾಂಗ ಹೇಳ್ಲಿ? ನೀ ಹೇಳ್ತಿ ಅಂತ ದಾರಿ ನೋಡಿದೆ. ನೀ ಚಹಾ ತಂದಿ." ಆಮೇಲೆ ಅಂದರು, "ಸಕ್ರಿ ಬರೋಬ್ಬರಿ ಇತ್ತು."

ನಾನು ಅತ್ತೆ. ಅವರು ಸುಮ್ಮನಿರು ಅನ್ನಲಿಲ್ಲ, ಅಳಲು ಬಿಟ್ಟರು. ಆಮೇಲೆ ಪ್ಲಾಸ್ಟಿಕ್ ಚೀಲದತ್ತ ಗಲ್ಲ ಎತ್ತಿ ತೋರಿಸಿ, ಅವು ಸುಸ್ತಾಗಿರುತ್ತವೆ, ಲಗೂ ಬಿಡು ಎಂದರು. ನಾನು ಕಣ್ಣೊರೆಸಿಕೊಂಡು, ಗಂಟು ಬಿಚ್ಚಿ, ಕಟ್ಟೆಯ ಮೇಲೆ ಮೊಣಕಾಲೂರಿ ನೀರಿನ ಕಡೆ ಬಗ್ಗಿದೆ.

"ಯವ್ವಾ" ಎಂದರು ಹಿಂದಿನಿಂದ. "ಕೈ ತೊಳ್ಕೊಂಡೀ?"